ಹಡಗು ನಿಂತ ಅರ್ಧ ದಿನದಲ್ಲಿ ಮಕ್ಕಳಿಗೊಂದು ಬೀಚ್

ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಕ್ರೂಸ್ ಹಡಗು ಮರ್ಮಗೋವಾ ಬಂದರಿನಲ್ಲಿ ನಿಲ್ಲುತ್ತದೆ. ನಮ್ಮದು ಬೆಳಿಗ್ಗೆ ಬಂದು ಸಂಜೆ ಹೊರಡುವುದಿತ್ತು. ಅಷ್ಟರೊಳಗೆ ಮಕ್ಕಳು ನೀರಾಡಬೇಕು, ಮಂಡಿನೋವಿನ ಅಮ್ಮ ಆರಾಮಾಗಿ ಕೂರಬೇಕು, ಖರ್ಚೂ ಕೈಮೀರಬಾರದು. ಶಿವಮೊಗ್ಗ ಜಿಲ್ಲೆಯ ಸಾಗರದ ನಮ್ಮ ಮನೆಯಲ್ಲೇ ಕೂತು ಇದನ್ನೆಲ್ಲ ಹೊಂದಿಸಿಕೊಂಡೆವು. ಈಗ ನಮ್ಮ ಕಡೆಯವರು ಕ್ರೂಸ್‌ಗೆ ಹೊರಟಾಗೆಲ್ಲ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಗೋವಾ ಅಂದರೆ ಎಲ್ಲರ ಬಾಯಲ್ಲಿ ಬರುವುದು ಕಲಂಗುಟ್, ಬಾಗಾ. ಅವು ಉತ್ತರ ಗೋವಾದಲ್ಲಿವೆ. ಬಂದರಿನಿಂದ ಜುವಾರಿ ಸೇತುವೆ ದಾಟಿ, ಪಣಜಿ ದಾಟಿ, 40 ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ಅಷ್ಟು ದೂರ ಹೋದರೆ ದುಡ್ಡೂ ಹೊತ್ತೂ ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಹಡಗಿನವರೇ ಕರೆದುಕೊಂಡು ಹೋಗುವ ಟೂರ್‌ಗೆ ತಲೆಗಿಷ್ಟು ಅಂತ ಕೊಡಬೇಕು. ಟ್ಯಾಕ್ಸಿಗೆ ಗಾಡಿಗಿಷ್ಟು. ನಾವು ಆರು ಜನ, ಹಾಗಾಗಿ ದೊಡ್ಡ ಗಾಡಿ ಒಂದು ಮಾಡಿಕೊಳ್ಳುವುದೇ ಲಾಭ. ಆದರೆ ಒಂದು ಮಾತು ನೆನಪಿಡಿ. ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ. ನಾವೇ ಹೋಗಿ ತಡಮಾಡಿದರೆ ಕಾಯುವುದಿಲ್ಲ.

ಅದಕ್ಕೇ ನಾನು ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಹಡಗು ಹೊರಡುವ ಹೊತ್ತಲ್ಲ, ಎಲ್ಲರೂ ಹತ್ತಿರಬೇಕಾದ ಹೊತ್ತು ಮುಖ್ಯ. ಅದು ಸಾಯಂಕಾಲ 4 ಗಂಟೆ ಅಂದುಕೊಳ್ಳಿ. 3ಕ್ಕೆ ಬಂದರಿನ ಗೇಟಿನಲ್ಲಿರಬೇಕು, 2ಕ್ಕೆ ಮರಳು ಬಿಡಬೇಕು. ಅರ್ಧ ಗಂಟೆಯ ದಾರಿಗೂ ಒಂದು ಗಂಟೆ ಇಟ್ಟುಕೊಳ್ಳಿ. ಹೀಗೆ ನೋಡಿದಾಗ ಹತ್ತಿರದ ಬೀಚ್ ಬಿಟ್ಟು ಬೇರೇನೂ ಉಳಿಯಲಿಲ್ಲ.

ಆಮೇಲೆ ಮೊಬೈಲಿನಲ್ಲಿ ಉಪಗ್ರಹದ ನಕಾಶೆ ತೆಗೆದು ಬಂದರಿನಿಂದ ದಕ್ಷಿಣಕ್ಕೆ ದಡವನ್ನೇ ನೋಡುತ್ತಾ ಹೋದೆ. ಎರಡೂ ಕಡೆ ಗುಡ್ಡ ಚಾಚಿಕೊಂಡಿದ್ದು, ನಡುವೆ ದಡ ಒಳಕ್ಕೆ ಬಾಗಿರುವ ಜಾಗ ಹುಡುಕುತ್ತಿದ್ದೆ. ಅಂಥಲ್ಲಿ ತೆರೆಯ ಹೊಡೆತ ಸಾಮಾನ್ಯವಾಗಿ ಕಡಿಮೆ. ಬೈನಾ ಬೀಚ್ ವಾಸ್ಕೋ ಊರಿನಲ್ಲೇ ಇದೆ, ತೀರಾ ಹತ್ತಿರ. ಸ್ವಲ್ಪ ಮುಂದೆ, ದಾಬೋಲಿಂ ವಿಮಾನ ನಿಲ್ದಾಣದ ಆಚೆ, ಬೋಗ್ಮಾಲೋ ಸಿಕ್ಕಿತು. ಬಂದರಿನಿಂದ 10 ಕಿಲೋಮೀಟರ್ ಆಸುಪಾಸು. ಸಣ್ಣ ಕೊಲ್ಲಿ, ರಸ್ತೆ ಮರಳಿನ ಅಂಚಿಗೇ ಹೋಗಿ ನಿಲ್ಲುತ್ತದೆ. ಅಮ್ಮನಿಗಂತೂ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ.

ನಮ್ಮ ಮಕ್ಕಳು ಹೊಳೆಯಲ್ಲಿ ಈಜಿ ಬೆಳೆದವರು. ಹೊಳೆಯ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. ಅಲ್ಲಿ ತೆರೆ ಬರುವಾಗಿನದಕ್ಕಿಂತ ಅದು ವಾಪಸ್ ಎಳೆಯುವುದು ಅಪಾಯ. ಹಾಗಾಗಿ ಹೊರಡುವ ಮೊದಲೇ ಜೋಗ, ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರದ ಕಾಸರಕೋಡಿಗೆ ಕರೆದುಕೊಂಡು ಹೋಗಿದ್ದೆ. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಬೀಚ್ ಅದು. ಸೊಂಟದ ಮೇಲಿನ ನೀರಿಗೆ ಹೋಗಬಾರದು, ಎಳೆತಕ್ಕೆ ಸಿಕ್ಕರೆ ದಡದ ಕಡೆಗೇ ಗುದ್ದಾಡದೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು ಅಂತ ಅಲ್ಲೇ ಹೇಳಿಕೊಟ್ಟೆ. ಘಟ್ಟದ ಮೇಲಿನವರು ದಯವಿಟ್ಟು ಇದೊಂದನ್ನು ಮಾಡಿ.

ಮರ್ಮಗೋವಾದಲ್ಲಿ ಸಿಕ್ಕ ಟ್ಯಾಕ್ಸಿಯವರು ಕನ್ನಡದವರೇ. ವಾಸ್ಕೋದಲ್ಲಿ ನಮ್ಮವರು ತುಂಬಾ ಇದ್ದಾರೆ. ನಾವು ಮಾತಾಡುವುದು ಕೇಳಿ, "ಯಾವೂರ್ರೀ ನಿಮ್ದು?" ಅಂದರು.

"ಶಿವಮೊಗ್ಗ ಜಿಲ್ಲೆ, ಸಾಗರ. ಬೋಗ್ಮಾಲೋಕ್ಕೆ ಹೋಗಬೇಕಿತ್ತು ಅಣ್ಣ."

"ಚಲೋ ಮಾಡೀರಿ. ಎಲ್ಲಾರೂ ಕಲಂಗುಟ್ ಅಂತಾರ, ಆಮ್ಯಾಲ ಹಡಗ ತಪ್ಪತೈತಿ ಅಂತ ಗಾಬರಿ ಆಗ್ತಾರ."

ಹೋಗಿ ಬರುವುದು, ಕಾಯುವುದು ಎಲ್ಲ ಸೇರಿ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿಕೊಂಡೆವು. ಪೂರ್ತಿ ದುಡ್ಡು ವಾಪಸ್ ಗೇಟಿಗೆ ಬಂದ ಮೇಲೆ ಅಂತಲೂ ಹೇಳಿದೆ, ಅವರು ಒಪ್ಪಿದರು.

ಬೀಚಿನಲ್ಲಿ ನೇರವಾಗಿ ಜೀವರಕ್ಷಕರ ಹತ್ತಿರ ಹೋದೆವು. ಅತ್ತಿಗೆ ಕುಮಟಾ ಕಡೆಯವರು, ಕೊಂಕಣಿ ಬರುತ್ತದೆ. ಮಕ್ಕಳನ್ನು ಎಲ್ಲಿ ಬಿಡಬಹುದು ಅಂತ ಅವರೇ ಕೇಳಿದರು. ಆತ ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ತೋರಿಸಿದ. ಆಮೇಲೆ ಇನ್ನೊಂದು ಕಡೆ ಕೈ ಮಾಡಿದ. ಅಲ್ಲಿ ತೆರೆ ಒಡೆಯುತ್ತಿರಲಿಲ್ಲ, ನೀರು ಸ್ವಲ್ಪ ಕಪ್ಪಗೆ, ಸುಮ್ನೆ ಇದ್ದ ಹಾಗೆ ಕಾಣುತ್ತಿತ್ತು. ನೋಡಿದರೆ ಅದೇ ಒಳ್ಳೆಯ ಜಾಗ ಅನಿಸುತ್ತದೆ, ಅಲ್ವಾ? ನೀರು ಒಳಕ್ಕೆ ಎಳೆಯುವುದೇ ಅಂಥ ಕಡೆ. ಬರೀ ಕೆಂಪು ಬಾವುಟ ಹಾರಿಸಿದ್ದರೆ ನೀರಿಗೆ ಇಳಿಯಲೇಬಾರದು. ಉಬ್ಬರ-ಇಳಿತದ ಹೊತ್ತನ್ನೂ ಮೊದಲೇ ನೋಡಿಟ್ಟುಕೊಂಡಿದ್ದೆ. ನಾವು ಹೋದಾಗ ಇಳಿತ. ಅಗಲವಾದ ಗಟ್ಟಿ ಮರಳಿನಲ್ಲಿ ಅಮ್ಮ ನಮ್ಮ ಕೈ ಹಿಡಿಯದೆ ನಡೆದರು.

ತಿನ್ನುವ ಖರ್ಚು ಉಳಿಸುವುದು ಸುಲಭ. ಹಡಗಿನ ಊಟಕ್ಕೆ ಟಿಕೆಟ್ಟಿನಲ್ಲೇ ಕೊಟ್ಟಾಗಿದೆ. ಹೊಟ್ಟೆ ತುಂಬಾ ತಿಂಡಿ ತಿಂದು ಇಳಿದೆವು, ಮನೆಯ ಕೋಡುಬಳೆ ಡಬ್ಬಿ ಜೊತೆಗಿತ್ತು. ಬೀಚಿನಲ್ಲಿ ಎಳನೀರು, ಲಿಂಬು ಸೋಡಾ ಅಷ್ಟೇ. ಗುಡಿಸಲು ಹೋಟೆಲಿನ ಕುರ್ಚಿಯಲ್ಲಿ ಕೂರಲು ಬೇರೆ ದುಡ್ಡು ಇದೆಯಾ ಅಂತ ಮೊದಲು ಕೇಳಿ, ಆಮೇಲೆ ಅಮ್ಮನನ್ನು ಅಲ್ಲಿ ನೆರಳಿಗೆ ಕೂರಿಸಿದೆ. ಹಡಗಿನ ಕಾರ್ಡ್, ಆಧಾರ್ ಎರಡೂ ಅಮ್ಮನ ಚೀಲದಲ್ಲಿದ್ದವು. ಅವಿಲ್ಲದೆ ವಾಪಸ್ ಒಳಗೆ ಬಿಡುವುದಿಲ್ಲ.

ಬೋಗ್ಮಾಲೋ ದಾರಿಯಲ್ಲೇ ನೌಕಾಪಡೆಯ ವಿಮಾನ ಸಂಗ್ರಹಾಲಯ ಇದೆ. ಹಳೆಯ ಯುದ್ಧವಿಮಾನಗಳನ್ನು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಸೋಮವಾರ ರಜೆ. ನಿಮ್ಮ ಹಡಗು ಬೇರೆ ದಿನ ನಿಲ್ಲುವುದಾದರೆ ಬೀಚಿಗೆ ಮೊದಲು ಹೋಗಿ, ವಾಪಸ್ ಬರುವಾಗ ಹೊತ್ತು ಉಳಿದರೆ ಮಾತ್ರ ಅಲ್ಲಿ ಇಳಿಯಿರಿ.