ಮಂಗ ಎದುರಾದಾಗ: ಶಿರಸಿ ಸೀಮೆಯವರಿಗೆ ಕೆಲವು ಎಚ್ಚರಿಕೆಗಳು

ಶಿರಸಿ, ಸಿದ್ದಾಪುರದ ತೋಟ, ಬೆಟ್ಟಗಳ ಆಸುಪಾಸಿನಲ್ಲಿ ಮೂರು ಬಗೆಯ ಮಂಗಗಳಿವೆ. ಅಘನಾಶಿನಿ ಕಣಿವೆಯ ಸಿಂಗಳೀಕ ದಟ್ಟ ಕಾನಿನ ಮರಗಳಿಂದ ಕೆಳಗಿಳಿಯುವುದೇ ಅಪರೂಪ. 2011ರಲ್ಲಿ ಅದಕ್ಕಾಗಿ ಸಂರಕ್ಷಿತ ಪ್ರದೇಶವನ್ನೇ ಘೋಷಿಸಲಾಗಿದೆ, ಅದರಿಂದ ನಮಗೆ ಅಪಾಯವಿಲ್ಲವೆಂದೇ ಹೇಳಬಹುದು. ಕರಿಮೂತಿಯ ಮುಸಿಯ ತೋಟಕ್ಕೆ ನಷ್ಟ ಮಾಡಿದರೂ ಮನುಷ್ಯರ ಮೈಮೇಲೆ ಬರುವುದು ಕಡಿಮೆ. ಕಸಿಯುವ, ಕಚ್ಚುವ ಪ್ರಸಂಗಗಳು ಹೆಚ್ಚಾಗಿ ನಡೆಯುವುದು ನೆತ್ತಿಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಸಾಮಾನ್ಯ ಮಂಗದೊಂದಿಗೆ.

ಈ ಮಂಗ ಏಕಾಏಕಿ ಕಚ್ಚುವುದು ವಿರಳ. ಮೊದಲು ದಿಟ್ಟಿಸಿ ನೋಡುತ್ತದೆ, ಹುಬ್ಬನ್ನು ಹಿಂದಕ್ಕೆಳೆದು ಬಾಯಿ ತೆರೆಯುತ್ತದೆ, ಆಮೇಲೆ ಒಂದೆರಡು ಹೆಜ್ಜೆ ನುಗ್ಗಿದಂತೆ ಮಾಡುತ್ತದೆ. ಇಷ್ಟನ್ನು ಕಂಡೊಡನೆ ಅದರ ಕಣ್ಣಿಗೆ ಕಣ್ಣು ಕೊಡದೆ, ಬೆನ್ನು ತೋರಿಸಿ ಓಡದೆ, ನಿಧಾನವಾಗಿ ಹಿಂದೆ ಸರಿಯಬೇಕು. ಹಲ್ಲು ಕಿರಿದದ್ದನ್ನು ನಗು ಎಂದುಕೊಂಡು ಮಕ್ಕಳು ಹತ್ತಿರ ಹೋಗುವುದುಂಟು. ಅದು ಹೆದರಿಕೆಯ ಚಿಹ್ನೆ, ಹೆದರಿದ ಪ್ರಾಣಿಯೇ ಕಚ್ಚುವುದು. ಮರಿಯಿರುವ ತಾಯಿಯ ಹತ್ತಿರವಂತೂ ಸುಳಿಯಲೇಬಾರದು. ಕೈಯಲ್ಲಿದ್ದ ಚೀಲವನ್ನು ಅದು ಹಿಡಿದುಕೊಂಡರೆ ಜಗ್ಗಾಡದೆ ಬಿಟ್ಟುಬಿಡುವುದು ಲೇಸು.

ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ಬಿಸ್ಕತ್ತು ಎಸೆಯುವವರಿಗೆ ಕೈಮುಗಿದು ಹೇಳಬೇಕಾದ ಮಾತೆಂದರೆ, ಆ ಹಣ್ಣಿನ ರುಚಿ ಹತ್ತಿದ ಮಂಗ ನಾಳೆ ಬರಿಗೈಯಲ್ಲಿ ಬಂದವರನ್ನೂ ಅಡ್ಡಗಟ್ಟುತ್ತದೆ, ಅಥವಾ ವಾಹನದಡಿಗೆ ಸಿಕ್ಕಿ ಸಾಯುತ್ತದೆ. ಮನೆಯಲ್ಲಿಯೂ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುವಾಗ ಬಲೆ ಹೊದಿಸಿ, ಅಡುಗೆಮನೆಯ ಕಿಟಕಿಗೆ ಜಾಲರಿ ಹಾಕಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಆದರೆ ನಮ್ಮ ಸೀಮೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಸತ್ತು ಬಿದ್ದ ಮಂಗಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಮಂಗನ ಕಡಿತದಿಂದಲ್ಲ, ಉಣುಗಿನ ಕಡಿತದಿಂದ. ಮಂಗ ಸತ್ತಾಗ ಅದರ ಮೈಮೇಲಿನ ಸೋಂಕಿತ ಉಣುಗುಗಳು ಅಲ್ಲಿಯೇ ಉದುರಿ, ಒಣಗಿದೆಲೆಗಳ ನಡುವೆ ಉಳಿಯುತ್ತವೆ. ಆದ್ದರಿಂದ ಮಂಗ ಸತ್ತ ಜಾಗಕ್ಕೆ ಕಾಲಿಡದೆ, ದನಗಳನ್ನೂ ಬಿಡದೆ, ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಬೇಕು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ದರಕು (ಉದುರಿದ ಒಣ ಎಲೆ), ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲ ಹಚ್ಚಿಕೊಂಡು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿನಲ್ಲಿಯೇ ತೊಳೆಯಬೇಕು. ಬೆಟ್ಟಕ್ಕೆ ಹೋಗಿಬಂದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆಯಲ್ಲಿ ತೀವ್ರ ನೋವು, ಮೈಕೈ ಸೆಳೆತ ಶುರುವಾದರೆ ಕಷಾಯ ಕುಡಿಯುತ್ತ ದಿನ ದೂಡದೆ ಆಸ್ಪತ್ರೆಗೆ ಹೋಗಬೇಕು, ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು. ರಕ್ತವನ್ನು ಯಾವ ಪರೀಕ್ಷೆಗೆ ಕಳಿಸಬೇಕೆಂದು ಅವರು ನಿರ್ಧರಿಸಲು ಆ ಮಾಹಿತಿ ಬೇಕಾಗುತ್ತದೆ.