ವೋಚರ್ ಮೊದಲು, ಬುಕಿಂಗ್ ಆಮೇಲೆ: ಸಿಸಿಎನ್‌ಎ ಪರೀಕ್ಷೆಗೆ ಹಣ ಕಟ್ಟುವ ಮುನ್ನ

ಕಳೆದ ಜುಲೈನಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಫೋನ್ ಮಾಡಿದರು. ಹರಿಹರದ ಕಡೆಯ ರೈತರು. “ಮೇಡಂ, ಕೋರ್ಸ್ ಮಾಡದಿದ್ದರೆ ಸಿಸಿಎನ್‌ಎ ಪರೀಕ್ಷೆಗೆ ಕೂರಿಸುವುದೇ ಇಲ್ಲವಂತೆ. ನಲವತ್ತೈದು ಸಾವಿರ ಕಟ್ಟಬೇಕಂತೆ. ಹೌದೇ?” ಸಿಸಿಎನ್‌ಎ ಎಂದರೆ ಸಿಸ್ಕೊ ಕಂಪನಿ ಪರೀಕ್ಷೆ ನಡೆಸಿ ಕೊಡುವ, ಕಂಪ್ಯೂಟರ್ ನೆಟ್‌ವರ್ಕಿಂಗ್‌ನ ಪ್ರಮಾಣಪತ್ರ. ಮಗನನ್ನು ಕರೆದು ಕೇಳಿದೆ. ಯಾವುದೋ ತರಬೇತಿ ಕೇಂದ್ರದವರು ಹಾಗೆಂದು ನಂಬಿಸಿದ್ದರು. ಹುಡುಗ ಆಗಲೇ ನಮ್ಮ ಲ್ಯಾಬಿನಲ್ಲಿ ಅದೇ ಪಠ್ಯವನ್ನು ಎರಡು ಸೆಮಿಸ್ಟರ್ ಓದಿದ್ದ.

ನಾನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೆಟ್‌ವರ್ಕಿಂಗ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸಿಸ್ಕೊ ಕಾಲೇಜುಗಳ ಮೂಲಕ ಪಾಠ ಹೇಳಿಸುವ ನೆಟ್‌ವರ್ಕಿಂಗ್ ಅಕಾಡೆಮಿಯ ತರಗತಿಗಳನ್ನು ತೆಗೆದುಕೊಳ್ಳಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಪಾಠ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ವೋಚರ್ (ಶುಲ್ಕ ಇಳಿಸುವ ಕೋಡ್), ಹೆಸರು, ಕಾರ್ಡು, ಕೊನೆಯ ದಿನಾಂಕ ಎಂಬ ಪಂಚಾಯಿತಿಯಲ್ಲೇ ಕಳೆದಿದ್ದೇನೆ ಎನಿಸುತ್ತದೆ. ಪ್ರತಿ ವರ್ಷ ಅದನ್ನೇ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ.

ಮೊದಲು ಕೇಳಬೇಕಾದ ಪ್ರಶ್ನೆ: ತರಬೇತಿ ಕಡ್ಡಾಯ ಎಂದು ಹೇಳುತ್ತಿರುವವರು ಯಾರು? ಪರೀಕ್ಷೆ ನಡೆಸುವ ಕಂಪನಿಯೋ, ತರಬೇತಿ ಮಾರುವವರೋ? ಸಿಸಿಎನ್‌ಎಗೆ ಸಿಸ್ಕೊ ಯಾವ ಪೂರ್ವಾರ್ಹತೆಯನ್ನೂ ಕೇಳುವುದಿಲ್ಲ. 200-301 ಎಂಬ ಸಂಖ್ಯೆಯ ಈ ಪರೀಕ್ಷೆ 2020ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 120 ನಿಮಿಷ, 300 ಡಾಲರ್. ಮನೆಯಲ್ಲೇ ಓದಿಕೊಂಡು ನೇರವಾಗಿ ಹೋಗಿ ಬರೆಯಬಹುದು. ಅಮೆಜಾನಿನ ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟೀಷನರ್, ಮೈಕ್ರೋಸಾಫ್ಟಿನ ಎಝಡ್-900 (ಎರಡೂ ಕ್ಲೌಡ್‌ನ ಆರಂಭಿಕ ಪರೀಕ್ಷೆಗಳು), ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ (ಲಿನಕ್ಸ್ ನಿರ್ವಹಣೆಯದು) ಇವುಗಳಿಗೂ ತರಗತಿ ಕಡ್ಡಾಯವಿಲ್ಲ.

ಹಾಗೆಂದು ಎಲ್ಲ ಪರೀಕ್ಷೆಗಳೂ ಇಷ್ಟು ಉದಾರವಾಗಿಲ್ಲ. ವರ್ಚುವಲೈಸೇಷನ್ ತಂತ್ರಾಂಶದ ಕಂಪನಿ ವಿಎಂವೇರ್‌ನ ವಿಸಿಪಿ ಪ್ರಮಾಣಪತ್ರ ಬಹಳ ವರ್ಷ ಅಧಿಕೃತ ತರಗತಿ ಮಾಡಿದವರಿಗೆ ಮಾತ್ರ ಸಿಗುತ್ತಿತ್ತು. ಪರೀಕ್ಷಾ ಶುಲ್ಕಕ್ಕಿಂತ ಆ ತರಗತಿಯ ಶುಲ್ಕವೇ ಎಷ್ಟೋ ಪಟ್ಟು ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ವಿಎಂವೇರ್ ಬ್ರಾಡ್‌ಕಾಮ್ ಕಂಪನಿಯ ಕೈಗೆ ಹೋದ ಮೇಲೆ, 2024ರಲ್ಲಿ, ಆ ನಿಬಂಧನೆಯನ್ನು ಕೈಬಿಟ್ಟರು. ಹಳೆಯ ಬರಹಗಳನ್ನು ಓದಿ ಈಗಲೂ ತರಗತಿ ಹುಡುಕುವವರಿದ್ದಾರೆ. ಇಸಿ ಕೌನ್ಸಿಲ್ ಸಂಸ್ಥೆಯ ಎಥಿಕಲ್ ಹ್ಯಾಕಿಂಗ್ ಪರೀಕ್ಷೆ ಸಿಇಎಚ್‌ಗೆ ಅಧಿಕೃತ ತರಬೇತಿ ಬೇಕು. ಇಲ್ಲವಾದರೆ ಮಾಹಿತಿ ಭದ್ರತೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ದಾಖಲೆಯ ಜತೆಗೆ 100 ಡಾಲರ್ ಅರ್ಜಿ ಶುಲ್ಕ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಮಾಹಿತಿ ಭದ್ರತೆಯ ಹಿರಿಯ ಪ್ರಮಾಣಪತ್ರವಾದ ಸಿಐಎಸ್‌ಎಸ್‌ಪಿಗೆ ಐದು ವರ್ಷದ ಅನುಭವ ಬೇಕು. ವಿದ್ಯಾರ್ಥಿಯಾಗಿದ್ದಾಗಲೇ ಅದರ ಹಿಂದೆ ಬೀಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ರಿಯಾಯಿತಿ. ತರಬೇತಿ ಕಡ್ಡಾಯವಿಲ್ಲದ ಸಿಸಿಎನ್‌ಎಯಲ್ಲೂ ರಿಯಾಯಿತಿ ಮಾತ್ರ ತರಗತಿಯ ಬೆನ್ನಿಗೇ ಅಂಟಿಕೊಂಡಿದೆ. ನೆಟ್‌ವರ್ಕಿಂಗ್ ಅಕಾಡೆಮಿ 1997ರಿಂದ ನಡೆಯುತ್ತಿದೆ. ಕರ್ನಾಟಕದ ಹಲವು ಎಂಜಿನಿಯರಿಂಗ್ ಕಾಲೇಜುಗಳು ಇದರಲ್ಲಿ ಸೇರಿವೆ. ಸಿಸಿಎನ್‌ಎ ಪಠ್ಯ ಮೂರು ಕೋರ್ಸುಗಳಲ್ಲಿ ಹಂಚಿಕೆಯಾಗಿದೆ. ಬೋಧಕರ ತರಗತಿಯಲ್ಲಿ ಮೂರನ್ನೂ ಮುಗಿಸಿ, ಮೂರನೆಯ ಕೋರ್ಸಿನ ಅಂತಿಮ ಪರೀಕ್ಷೆಯಲ್ಲಿ ಮೊದಲ ಪ್ರಯತ್ನದಲ್ಲೇ ಶೇ. 75 ತೆಗೆದವರಿಗೆ ರಿಯಾಯಿತಿ ವೋಚರ್. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಶೇ. 58. “ಮೊದಲ ಪ್ರಯತ್ನ” ಎಂಬ ಎರಡು ಪದಗಳನ್ನು ನಾನು ಬೋರ್ಡಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆಯುತ್ತೇನೆ. “ಸುಮ್ಮನೆ ಹೇಗಿದೆ ನೋಡೋಣ” ಎಂದು ಅಂತಿಮ ಪರೀಕ್ಷೆಯನ್ನು ತೆರೆದು, ಅರ್ಧಕ್ಕೆ ಬಿಟ್ಟು, ಎರಡನೆಯ ಸಲ 92 ತೆಗೆದ ಹುಡುಗನೊಬ್ಬನಿದ್ದ. 92 ಅವನ ಕೈಯಲ್ಲಿತ್ತು, ವೋಚರ್ ಇರಲಿಲ್ಲ.

ಈ ಅಂತಿಮ ಪರೀಕ್ಷೆಯ ಉತ್ತರಗಳು ಅಂತರ್ಜಾಲದಲ್ಲಿ ಬಿದ್ದು ಒದ್ದಾಡುತ್ತಿವೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ನಕಲು ಮಾಡಿ 75 ದಾಟಿದವರು ಆಮೇಲೆ ನಿಜವಾದ ಪರೀಕ್ಷೆಯಲ್ಲಿ ಸಬ್‌ನೆಟ್ ಲೆಕ್ಕ (ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವುದು) ಬಂದಾಗ ಬೆವರುವುದನ್ನು ಕಂಡಿದ್ದೇನೆ. ಅಲ್ಲಿ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ.

ಹಣದ ಲೆಕ್ಕ ನೋಡಿ. 300 ಡಾಲರಿಗೆ ಶೇ. 18 ಜಿಎಸ್‌ಟಿ ಸೇರಿದರೆ 354. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೂ 30,090 ರೂಪಾಯಿ. ಶೇ. 58 ಕಳೆದರೆ ಶುಲ್ಕ 126 ಡಾಲರ್, ತೆರಿಗೆ ಸೇರಿ 148.68, ಅಂದರೆ ಸುಮಾರು 12,640 ರೂಪಾಯಿ. ಉಳಿತಾಯ ಹದಿನೇಳು ಸಾವಿರ ದಾಟುತ್ತದೆ. ಆದರೆ ಅಕಾಡೆಮಿ ತರಗತಿಗೆ ಕೆಲವು ಕಾಲೇಜುಗಳು ಶುಲ್ಕ ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಾಲೇಜಿನ ಶುಲ್ಕವೇ ಇಪ್ಪತ್ತು ಸಾವಿರವಾದರೆ ವೋಚರಿಗಾಗಿ ಸೇರುವುದರಲ್ಲಿ ಅರ್ಥವಿಲ್ಲ. ಪಾಠಕ್ಕಾಗಿ ಸೇರುವುದಾದರೆ ಆ ಮಾತು ಬೇರೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಅಕಾಡೆಮಿಯ ಕೋರ್ಸ್ ಮುಗಿಸಿದಾಗ ಬರುವ ಪ್ರಮಾಣಪತ್ರವೂ ಡಿಜಿಟಲ್ ಬ್ಯಾಡ್ಜೂ ಸಿಸಿಎನ್‌ಎ ಆಗುವುದಿಲ್ಲ. ಎಐಸಿಟಿಇ ಮೂಲಕ ನಡೆಯುವ ವರ್ಚುವಲ್ ಇಂಟರ್ನ್‌ಶಿಪ್ ಮುಗಿಸಿ, ಬಯೋಡೇಟಾದಲ್ಲಿ ‘ಸಿಸ್ಕೊ ಸರ್ಟಿಫೈಡ್’ ಎಂದು ಬರೆದುಕೊಂಡು ಸಂದರ್ಶನಕ್ಕೆ ಹೋದ ಹುಡುಗಿ ಅಳುತ್ತ ವಾಪಸ್ ಬಂದಿದ್ದಳು. ಸಿಸಿಎನ್‌ಎ ಎನ್ನಬೇಕಾದರೆ ಪರೀಕ್ಷೆಗಳನ್ನು ನಡೆಸಿಕೊಡುವ ಪಿಯರ್ಸನ್ ವ್ಯೂ ಸಂಸ್ಥೆಯ ಮೂಲಕ ಆ ಪರೀಕ್ಷೆಯನ್ನೇ ಬರೆದು ಪಾಸಾಗಬೇಕು. ಪಾಸಾದರೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಬೇರೆ ಕಂಪನಿಗಳ ರಿಯಾಯಿತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಕ್ರೋಸಾಫ್ಟಿನಲ್ಲಿ ನೀವು ವಿದ್ಯಾರ್ಥಿ ಎಂಬುದನ್ನು ಪರೀಕ್ಷೆ ಕಾಯ್ದಿರಿಸುವ ಮೊದಲೇ ಪ್ರೊಫೈಲಿನಲ್ಲಿ ದೃಢಪಡಿಸಬೇಕು. ಅದಕ್ಕೆ ಕಾಲೇಜಿನ ಇಮೇಲ್ ವಿಳಾಸವೇ ಸುಲಭದ ದಾರಿ. ನಮ್ಮ ಕಡೆ ಎಷ್ಟೋ ಕಾಲೇಜುಗಳು ವಿದ್ಯಾರ್ಥಿಗಳಿಗೆ ಆ ಇಮೇಲ್ ಕೊಟ್ಟೇ ಇರುವುದಿಲ್ಲ. ಕಚೇರಿಗೆ ಹೋಗಿ ಕೇಳಿ, ಎರಡು ಸಲ ಕೇಳಿ. ರೆಡ್ ಹ್ಯಾಟಿಗೂ ಎಡಬ್ಲ್ಯುಎಸ್‌ಗೂ ಅಕಾಡೆಮಿಗಳಿವೆ. ನಿಮ್ಮ ಕಾಲೇಜು ಅದರಲ್ಲಿದ್ದರೆ ರಿಯಾಯಿತಿಯ ಬಗ್ಗೆ ಬೋಧಕರನ್ನೇ ಕೇಳಿ. ಎಡಬ್ಲ್ಯುಎಸ್‌ನಲ್ಲಿ ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಶುಲ್ಕ. ಇದನ್ನು ಕೇಳಿ ಮಕ್ಕಳು ಹಿಗ್ಗುತ್ತಾರೆ. ಕ್ಲೌಡ್ ಪ್ರಾಕ್ಟೀಷನರ್‌ಗೆ 100, ಆಮೇಲೆ ಮುಂದಿನ ಹಂತದ 150 ಡಾಲರಿನ ಅಸೋಸಿಯೇಟ್ ಪರೀಕ್ಷೆಗೆ 75, ಒಟ್ಟು 175. ನೇರವಾಗಿ ಅಸೋಸಿಯೇಟ್ ಬರೆದಿದ್ದರೆ 150ರಲ್ಲೇ ಮುಗಿಯುತ್ತಿತ್ತು.

ಈಗ ನನ್ನ ಹೊಟ್ಟೆ ಉರಿಸಿದ ವಿಷಯಕ್ಕೆ ಬರುತ್ತೇನೆ: ಹೆಸರು. ಕನ್ನಡಿಗರ ಹೆಸರಿಗೆ ಇನಿಷಿಯಲ್ ಇರುತ್ತದೆ, ಅದು ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ‘ಕೆ. ಎಂ.’ ಎಂದಿರುತ್ತದೆ. ಪ್ಯಾನ್ ಕಾರ್ಡಿನವರು ಇನಿಷಿಯಲ್ ಒಪ್ಪುವುದಿಲ್ಲವಾದ್ದರಿಂದ ಅದರಲ್ಲಿ ಊರು, ತಂದೆಯ ಹೆಸರು ಎಲ್ಲ ಬಿಡಿಸಿಕೊಂಡು ಕೂತಿರುತ್ತವೆ. ಆಧಾರ್‌ನಲ್ಲಿ ಮೂರನೆಯ ರೂಪ. ಪರೀಕ್ಷಾ ಖಾತೆ ತೆರೆಯುವಾಗ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳನ್ನು ತುಂಬಬೇಕು. ಎರಡನೆಯದಕ್ಕೆ ಏನು ಹಾಕುವುದೆಂದು ತೋಚದೆ ಮಕ್ಕಳು ‘ಕೆ’ ಎಂದು ಹಾಕುತ್ತಾರೆ.

2022ರಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಹಾಗೇ ಮಾಡಿದ್ದಳು. ರಾತ್ರಿಯ ಬಸ್ಸಿನಲ್ಲಿ ಹೊರಟು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮುಖ ತೊಳೆದುಕೊಂಡು, ಒಂಬತ್ತಕ್ಕೆಲ್ಲ ಪರೀಕ್ಷಾ ಕೇಂದ್ರದಲ್ಲಿದ್ದಳು. ಕೌಂಟರಿನಲ್ಲಿದ್ದವರು ಪ್ಯಾನ್ ಕಾರ್ಡನ್ನು ಪರದೆಯ ಪಕ್ಕ ಹಿಡಿದು ನೋಡಿದರು. ಪರದೆಯ ಮೇಲೆ ಒಂದು ಅಕ್ಷರ, ಕಾರ್ಡಿನಲ್ಲಿ ಹನ್ನೊಂದು ಅಕ್ಷರದ ಊರು. ಒಳಗೆ ಬಿಡಲಿಲ್ಲ. ಶುಲ್ಕವೂ ಹೋಯಿತು, ವೋಚರೂ ಹೋಯಿತು. ಅವರ ನಿಯಮದಲ್ಲಿ ತಪ್ಪಿಲ್ಲ; ಮೊದಲೇ ಕಣ್ಣಾಡಿಸದ ತಪ್ಪು ನನ್ನದು. ಅಂದಿನಿಂದ ನಾನು ಪ್ರತಿಯೊಬ್ಬರ ಗುರುತಿನ ಚೀಟಿಯನ್ನೂ ಖಾತೆಯ ಪುಟವನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸುತ್ತೇನೆ, ಬಾಲವಾಡಿಯ ಹಾಗೆ.

ಆದ್ದರಿಂದ ಕ್ರಮ ಹೀಗಿರಲಿ. ಯಾವ ಚೀಟಿ ಒಯ್ಯುತ್ತೀರಿ ಎಂದು ಮೊದಲು ತೀರ್ಮಾನಿಸಿ. ಫೋಟೊ, ಸಹಿ ಎರಡೂ ಇರುವ ಪಾಸ್‌ಪೋರ್ಟ್ ಇದ್ದರೆ ಅದಕ್ಕಿಂತ ನಿಶ್ಚಿಂತೆಯದು ಇಲ್ಲ. ಆಧಾರ್ ಕಾರ್ಡಿನಲ್ಲಿ ಸಹಿ ಇರುವುದಿಲ್ಲ ಎಂಬುದು ನೆನಪಿರಲಿ. ಸಿಸ್ಕೊ ಎರಡು ಗುರುತಿನ ಚೀಟಿ ಕೇಳುತ್ತದೆ, ಎರಡರಲ್ಲೂ ಹೆಸರು ಹೊಂದಬೇಕು. ಆ ಚೀಟಿಯಲ್ಲಿ ಇರುವ ಹಾಗೆಯೇ ಖಾತೆಯಲ್ಲಿ ಹೆಸರು ಹಾಕಿ. ತಪ್ಪಿದ್ದರೆ ಪರೀಕ್ಷೆ ಕಾಯ್ದಿರಿಸುವ ಮೊದಲೇ ಗ್ರಾಹಕ ಸೇವೆಗೆ ಬರೆದು ತಿದ್ದಿಸಿಕೊಳ್ಳಿ.

ನಂತರ ದಿನಾಂಕ. ವೋಚರಿನ ಮೇಲೆ ಮುದ್ರಿಸಿದ ಕೊನೆಯ ದಿನದೊಳಗೆ ಪರೀಕ್ಷೆ ಬರೆದು ಮುಗಿಸಿರಬೇಕು. ಆ ದಿನದೊಳಗೆ ಕಾಯ್ದಿರಿಸಿದರೆ ಸಾಲದು. ವಿಟಿಯು ಸೆಮಿಸ್ಟರ್ ಪರೀಕ್ಷೆಗಳು ಡಿಸೆಂಬರ್ ಜನವರಿಯಲ್ಲೋ ಜೂನ್ ಜುಲೈನಲ್ಲೋ ಅಡ್ಡ ಬಂದೇ ಬರುತ್ತವೆ, ವೇಳಾಪಟ್ಟಿ ಮುಂದಕ್ಕೆ ಹೋಗುವುದೂ ಉಂಟು. ವೋಚರ್ ಕೋರಿಕೆ ಸಲ್ಲಿಸುವ ಮೊದಲು ಕ್ಯಾಲೆಂಡರ್ ತೆಗೆದು, ಓದಲು ಆರು ವಾರ ಖಾಲಿ ಸಿಗುವ ಜಾಗ ಗುರುತು ಹಾಕಿಕೊಳ್ಳಿ.

ಹಣ ಕಟ್ಟುವ ಪುಟದಲ್ಲಿ ವೋಚರ್ ಅಥವಾ ಪ್ರೊಮೊ ಕೋಡ್ ಸೇರಿಸುವ ಖಾನೆ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುತ್ತದೆ. ಅಲ್ಲಿ ಕೋಡ್ ಹಾಕಿ, ಮೊತ್ತ ಇಳಿದದ್ದನ್ನು ನೋಡಿದ ಮೇಲೆ ಮುಂದುವರಿಯಿರಿ. ಪೂರ್ತಿ ಹಣ ಕಟ್ಟಿ ಆಮೇಲೆ ವೋಚರ್ ಹಿಡಿದು ಬರುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಶುಲ್ಕ ಡಾಲರಿನಲ್ಲಿ ಹೋಗುವುದರಿಂದ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆಪ್‌ನಲ್ಲಿ ಚಾಲೂ ಮಾಡಿರಬೇಕು. ಬ್ಯಾಂಕು ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಅಪ್ಪನ ಕಾರ್ಡಾದರೆ ಒಟಿಪಿ ಬರುವ ಹೊತ್ತಿಗೆ ಅಪ್ಪ ತೋಟದಲ್ಲಿರದಂತೆ ನೋಡಿಕೊಳ್ಳಿ. ನಾನು ತಮಾಷೆ ಮಾಡುತ್ತಿಲ್ಲ, ಮೂರು ಸಲ ಹಾಗಾಗಿದೆ.

ಟೆಲಿಗ್ರಾಮ್ ಗುಂಪುಗಳಲ್ಲಿ ಅರ್ಧ ಬೆಲೆಗೆ ಮಾರುವ ವೋಚರುಗಳನ್ನು ಮುಟ್ಟಬೇಡಿ. ಬೇರೊಬ್ಬರ ಹೆಸರಿನಲ್ಲಿ ಪಡೆದದ್ದೆಂದು ಗೊತ್ತಾದರೆ ಫಲಿತಾಂಶವೇ ರದ್ದಾಗಬಹುದು.

ಮನೆಯಲ್ಲೇ ಕುಳಿತು ಬರೆಯುವ ಸೌಲಭ್ಯವೂ ಇದೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮೇಜು ಖಾಲಿಯಿರಬೇಕು, ಅರ್ಧ ಗಂಟೆ ಮೊದಲೇ ಲಾಗಿನ್ ಆಗಿ ಕೋಣೆಯ ಫೋಟೊ ಕಳಿಸಬೇಕು. ಬೇಸಿಗೆಯಲ್ಲಿ ಕರೆಂಟು ಹೋಗುವ ಊರಿನವರಿಗೂ, ಬಾಗಿಲು ತಟ್ಟಿ “ಕಾಫಿ ಕುಡಿಯೋ” ಎನ್ನುವ ಅಜ್ಜಿ ಇರುವವರಿಗೂ ನಾನು ಕೇಂದ್ರಕ್ಕೇ ಹೋಗಿ ಎನ್ನುತ್ತೇನೆ. ದಿನ ಬದಲಿಸುವುದಿದ್ದರೆ 24 ಗಂಟೆ ಮೊದಲೇ ಬದಲಿಸಿ.

ಫೇಲಾದರೆ ಮಾರನೆಯ ದಿನದಿಂದ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಆ ಸಲ ಪೂರ್ತಿ ಶುಲ್ಕ. ಹರಿಹರದ ಹುಡುಗನಿಗೆ ಅಂತಿಮ ಪರೀಕ್ಷೆಯಲ್ಲಿ 81 ಬಂತು. ಅವನ ಚಾಲನಾ ಪರವಾನಗಿಯಲ್ಲಿ ತಂದೆಯ ಹೆಸರಿನ ಒಂದು ‘ಪ’ ಬಿಟ್ಟುಹೋಗಿತ್ತು. ಅದನ್ನು ತಿದ್ದಿಸಲು ಮೊನ್ನೆ ಆರ್‌ಟಿಒಗೆ ಹೋಗಿದ್ದಾನೆ.