ಕುಂಬಳದ ಕೇಕ್: ಮೊದಲು ನೀರು ಇಳಿಸಿ, ಆಮೇಲೆ ಓವನ್ ಹಚ್ಚಿ

ಡಿಸೆಂಬರ್ ಹೊತ್ತಿಗೆ ಸಕಲೇಶಪುರ, ಆಲೂರು ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಒಂದೆರಡು ಸಿಹಿಗುಂಬಳ ಕೂತಿರುತ್ತವೆ. ಮಳೆಗಾಲದಲ್ಲಿ ಹಬ್ಬಿದ ಬಳ್ಳಿಯ ಕಾಯಿ ಅವು. ಹುಳಿಗೆ ಆಯ್ತು, ಪಲ್ಯಕ್ಕೆ ಆಯ್ತು, ನೆಂಟರಿಗೆ ಕೊಟ್ಟಿದ್ದೂ ಆಯ್ತು. ಉಳಿದದ್ದನ್ನು ಕ್ರಿಸ್‌ಮಸ್ ರಜೆಗೆ ಮಕ್ಕಳು ಮನೆಗೆ ಬಂದಾಗ ಕೇಕಿಗೆ ಹಾಕಿ. ಎರಡು ತಿಂಗಳು ಅಟ್ಟದಲ್ಲಿದ್ದ ಕಾಯಿ ಇದಕ್ಕೆ ಹೊಸದಕ್ಕಿಂತ ಒಳ್ಳೆಯದು. ಇಟ್ಟಷ್ಟೂ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ.

ಅಮೆರಿಕದಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅವತ್ತಿನ ಊಟಕ್ಕೆ ಕುಂಬಳದ ಪೈ ಇರಲೇಬೇಕು ಎನ್ನುವವರು ಜಾಸ್ತಿ. ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಕುಂಬಳದ ಬ್ರೆಡ್, ಮಫಿನ್, ಕೇಕ್ ನಡೆದೇ ಇರುತ್ತದೆ. ಅಲ್ಲಿನವರಲ್ಲಿ ಬಹಳ ಜನ ಅಂಗಡಿಯ ಡಬ್ಬಿಯಲ್ಲಿ ಬರುವ ಗಟ್ಟಿ ತಿರುಳನ್ನೇ ಬಳಸುತ್ತಾರೆ. ಮೊಬೈಲ್‌ನಲ್ಲಿ ಸಿಗುವ ರೆಸಿಪಿಗಳ ಅಳತೆಯೂ ಹೆಚ್ಚಾಗಿ ಆ ಡಬ್ಬಿಯ ಲೆಕ್ಕದ್ದೇ. ನಾವು ಕಾಯಿಯನ್ನು ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿ, ಅದೇ ಅಳತೆಗೆ ಸುರಿದರೆ ಕೇಕ್ ನಡುವೆ ಹಸಿ, ತಳದಲ್ಲಿ ಅಂಟು. ಸಿಹಿಗುಂಬಳದ ತೂಕದಲ್ಲಿ ಶೇ 90ರಷ್ಟು ನೀರೇ ಇರುತ್ತದೆ. ಅದನ್ನು ಇಳಿಸುವುದೇ ಈ ಅಡುಗೆಯ ಮುಖ್ಯ ಕೆಲಸ. ಉಳಿದದ್ದು ಯಾವ ಕೇಕಿನಂತೆಯೂ ಸುಲಭ.

ಕಾಯಿ ಆರಿಸುವುದು

ಮನೆಯಲ್ಲಿ ಇಲ್ಲದವರು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲೋ ಊರಿನ ಸಂತೆಯಲ್ಲೋ ಹೋಳು ಮಾಡಿಟ್ಟದ್ದನ್ನೇ ಕೊಳ್ಳಿ. ಹೋಳಾದರೆ ಒಳಗು ಕಾಣುತ್ತದಲ್ವಾ, ಅದೇ ಅನುಕೂಲ. ತಿರುಳು ಕಡು ಕಿತ್ತಳೆ ಬಣ್ಣ ಇರಬೇಕು. ತಿಳಿ ಹಳದಿಯದ್ದು ಹುಳಿಗೆ ಇರಲಿ, ಅದರಲ್ಲಿ ನೀರು ಜಾಸ್ತಿ, ಸಿಹಿ ಕಡಿಮೆ. ಇಡೀ ಕಾಯಿ ತೆಗೆದುಕೊಳ್ಳುವುದಾದರೆ ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು, ಗಾತ್ರಕ್ಕೆ ಮೀರಿದ ತೂಕ ಇರಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಸಿಕ್ಕರೆ ಬಿಡಬೇಡಿ. ಕಾಯಿ ಎರಡು ಮೂರು ಕೆ.ಜಿ. ತೂಗುತ್ತದೆ, ತಿರುಳು ಗಟ್ಟಿ. ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಗಾತ್ರ.

ನೀರು ಇಳಿಸುವುದು

ಒಂದು ಕೆ.ಜಿ. ಹೋಳು ತೆಗೆದುಕೊಳ್ಳಿ. ಬೀಜ, ನಾರು ಕೆರೆದು ತೆಗೆಯಿರಿ. ಬೀಜ ಎಸೆಯಬೇಡಿ. ಸಿಪ್ಪೆ ಹಾಗೇ ಇರಲಿ, ಬೆಂದ ಮೇಲೆ ತಾನಾಗಿ ಬಿಡುತ್ತದೆ.

ಓವನ್ ಇದ್ದರೆ ದೊಡ್ಡ ಹೋಳುಗಳನ್ನು ತಟ್ಟೆಯಲ್ಲಿ ಹರಡಿ, 200 ಡಿಗ್ರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ ಸುಡಿ. ಅಂಚು ಸ್ವಲ್ಪ ಕಂದಬೇಕು. ಆ ಕಂದಿದ ಭಾಗದಲ್ಲೇ ರುಚಿ ಇರುವುದು. ಓವನ್ ಇಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ 20 ನಿಮಿಷ ಬೇಯಿಸಿ. ಹೋಳಿಗೆ ನೀರು ತಾಗಬಾರದು. ಚಾಕು ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ.

ಆರಿದ ಮೇಲೆ ತಿರುಳನ್ನು ಚಮಚದಲ್ಲಿ ಕೆರೆದು ನುಣ್ಣಗೆ ಮಸೆಯಿರಿ. ನಾರು ಇದ್ದರೆ ಮಿಕ್ಸಿಗೆ ಹಾಕಿ, ನೀರು ಮಾತ್ರ ಬೇಡ. ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಕೆಳಗೊಂದು ಪಾತ್ರೆ ಇಟ್ಟು, ಒಂದು ಗಂಟೆ ತೂಗುಹಾಕಿ. ಪಾತ್ರೆಗೆ ಇಳಿದ ಹಳದಿ ನೀರಲ್ಲಿ ಚಪಾತಿ ಹಿಟ್ಟು ಕಲಸಬಹುದು, ಸಾರಿಗೂ ಹಾಕಬಹುದು.

ಕೊನೆಗೆ ತಿರುಳನ್ನು ದಪ್ಪ ತಳದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈ ಬಿಡದೆ ತಿರುವಿ. ಇಲ್ಲಿ ಗಡಿಬಿಡಿ ಬೇಡ. ಮೊದಲು ಕೊತಕೊತ ಎಂದು ಸಿಡಿಯುತ್ತದೆ, ಕೈ ದೂರ ಇರಲಿ. ಆಮೇಲೆ ಸಿಡಿಯುವುದು ನಿಂತು ತಳದಲ್ಲಿ ಚುರ್ ಎನ್ನುವ ಸದ್ದು ಶುರುವಾಗುತ್ತದೆ. ಬಣ್ಣ ಗಾಢವಾಗುತ್ತದೆ. ಸೌಟಿನಿಂದ ಬಾಣಲೆಯ ತಳಕ್ಕೆ ಒಂದು ಗೆರೆ ಎಳೆದು ನೋಡಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ. ಎರಡು ಕ್ಷಣ ಹಾಗೇ ತೆರೆದುಕೊಂಡಿದ್ದರೆ ಇಳಿಸಿ. ಕೇಕಿಗೆ ಒಂದು ಕಪ್, ಅಂದರೆ 240 ಗ್ರಾಂ ತಿರುಳು ಬೇಕು. ಪೂರ್ತಿ ತಣ್ಣಗಾಗಲಿ.

ಉಳಿದ ಸಾಮಾನು

ಮೈದಾ ಒಂದೂವರೆ ಕಪ್ (190 ಗ್ರಾಂ), ಪುಡಿ ಬೆಲ್ಲ 170 ಗ್ರಾಂ, ವಾಸನೆ ಇಲ್ಲದ ಅಡುಗೆ ಎಣ್ಣೆ ಅರ್ಧ ಕಪ್, ಮೊಟ್ಟೆ ಎರಡು, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಬೇಕಿಂಗ್ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ.

ಎಣ್ಣೆ ಯಾಕೆ, ಬೆಣ್ಣೆ ಯಾಕಲ್ಲ? ಧನುರ್ಮಾಸದ ಚಳಿಗೆ ಬೆಣ್ಣೆ ಕಲ್ಲಾಗಿರುತ್ತದೆ, ಬೆಣ್ಣೆಯ ಕೇಕ್ ಕೂಡ ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಎಣ್ಣೆಯದ್ದು ಮೆತ್ತಗೇ ಉಳಿಯುತ್ತದೆ. ಬೆಲ್ಲಕ್ಕೆ ಬದಲು ಸಕ್ಕರೆ ಹಾಕಬಹುದು. ಆದರೆ ಕುಂಬಳಕ್ಕೆ ಬೆಲ್ಲವೇ ಸರಿ, ಆಲೆಮನೆಯ ಕಪ್ಪು ಬೆಲ್ಲ ಸಿಕ್ಕರಂತೂ ಕೇಳುವುದೇ ಬೇಡ. ಜೋನಿಬೆಲ್ಲವಾದರೆ ಮುಕ್ಕಾಲು ಕಪ್ ಸಾಕು, ತಿರುಳು ಎರಡು ದೊಡ್ಡ ಚಮಚ ಕಡಿಮೆ ಮಾಡಿ.

ಮಸಾಲೆಗೆ ಅಮೆರಿಕದವರು ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗ ಸೇರಿಸಿದ ಪುಡಿಯನ್ನು ಡಬ್ಬಿಯಲ್ಲಿ ಕೊಳ್ಳುತ್ತಾರೆ. ಏಲಕ್ಕಿ, ಮೆಣಸು ಬೆಳೆಯುವ ನಾಡಿನಲ್ಲಿ ನಮಗೆ ಡಬ್ಬಿ ಯಾಕೆ? ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಟೀ ಚಮಚ ಒಣಶುಂಠಿ ಪುಡಿ, ಎರಡು ಲವಂಗ, ನಾಲ್ಕು ಏಲಕ್ಕಿ, ಐದಾರು ಕಾಳುಮೆಣಸು ಕುಟ್ಟಿ, ಜಾಯಿಕಾಯಿ ಒಂದು ಚಿಟಿಕೆ ತುರಿಯಿರಿ. ಮೆಣಸು ಬಿಡಬೇಡಿ. ತಿನ್ನುವಾಗ ಖಾರ ಅಂತ ಗೊತ್ತಾಗುವುದಿಲ್ಲ, ನುಂಗಿದ ಮೇಲೆ ಗಂಟಲಲ್ಲಿ ಬೆಚ್ಚಗೆ ಉಳಿಯುತ್ತದೆ.

ಮೊಟ್ಟೆ ತಿನ್ನದವರು ಅದರ ಬದಲು ಅರ್ಧ ಕಪ್ ಗಟ್ಟಿ ಹುಳಿಮೊಸರು ಹಾಕಿ. ಮೊಟ್ಟೆ ಇಲ್ಲದ ಕೇಕ್ ಚೆನ್ನಾಗಿ ಬರುವುದಿಲ್ಲ ಎನ್ನುವ ಮಾತನ್ನು ಹಾಸನದವರು ಒಪ್ಪಲೇಬಾರದು. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿರುವ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ. ಮೊಟ್ಟೆ ಮುಟ್ಟದೆ ಕೇಕ್ ಮಾಡಿ ಹೆಸರು ಗಳಿಸಿದವರು ಅವರು.

ಕಲಸುವುದು, ಬೇಯಿಸುವುದು

ಮೊದಲೇ ಓವನ್ 180 ಡಿಗ್ರಿಗೆ ಬಿಸಿಯಾಗಲಿ. ಬ್ರೆಡ್ ಟಿನ್ನಿಗೋ ಎಂಟು ಇಂಚಿನ ದುಂಡು ಟಿನ್ನಿಗೋ ಎಣ್ಣೆ ಸವರಿ ಕಾಗದ ಹಾಸಿ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಆರಿಸಿ. ಬೆಲ್ಲದಲ್ಲಿ ಮರಳು ಇರುತ್ತದೆ, ಈ ಕೆಲಸ ತಪ್ಪಿಸಬೇಡಿ. ಅದಕ್ಕೆ ಎಣ್ಣೆ, ಮೊಟ್ಟೆ, ತಿರುಳು ಸೇರಿಸಿ ಚೆನ್ನಾಗಿ ಕದಡಿ. ಮೊಟ್ಟೆ ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟಿರಿ.

ಮೈದಾ, ಸೋಡಾ, ಪೌಡರ್, ಉಪ್ಪು, ಮಸಾಲೆ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಇದನ್ನು ತಿರುಳಿನ ಮಿಶ್ರಣಕ್ಕೆ ಹಾಕಿದ ಮೇಲೆ ಕೈಗೆ ಲಗಾಮು ಇರಲಿ. ಒಣಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಜಾಸ್ತಿ ಕಲಸಿದಷ್ಟೂ ಮೈದಾದ ಜಿಗುಟು ಎದ್ದು ಕೇಕ್ ರಬ್ಬರಾಗುತ್ತದೆ. ಹಿಟ್ಟು ಇಡ್ಲಿ ಹಿಟ್ಟಿನಷ್ಟು ಮಂದ ಇದ್ದರೆ ಸರಿ. ಸೋಡಾ ಕೂಡಲೇ ಕೆಲಸ ಶುರು ಮಾಡುವುದರಿಂದ ತಡಮಾಡದೆ ಓವನ್ನಿಗೆ ಇಡಿ.

ಬ್ರೆಡ್ ಟಿನ್ನಿಗೆ 50ರಿಂದ 55 ನಿಮಿಷ, ದುಂಡು ಟಿನ್ನಿಗೆ 40ರಿಂದ 45 ನಿಮಿಷ ಬೇಕು. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ನಡುವೆ ಕರೆಂಟ್ ಹೋದರೂ ತೆಗೆಯಬೇಡಿ, ಒಳಗಿನ ಶಾಖ ಸ್ವಲ್ಪ ಹೊತ್ತು ನಿಂತಿರುತ್ತದೆ. ಕಡ್ಡಿ ಚುಚ್ಚಿದಾಗ ಒದ್ದೆ ಹಿಟ್ಟು ಅಂಟಬಾರದು, ಒಂದೆರಡು ತೇವದ ಚೂರು ಬಂದರೆ ಪರವಾಗಿಲ್ಲ. ಮೇಲ್ಭಾಗ ಬಿರಿದರೆ ಹೆದರಬೇಡಿ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೊಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಟಿನ್ ಇಟ್ಟು ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಮುಚ್ಚಳದ ಒಳಗೆ ಬಟ್ಟೆ ಕಟ್ಟಿದರೆ ಹಬೆಯ ಹನಿ ಕೇಕಿನ ಮೇಲೆ ಬೀಳುವುದಿಲ್ಲ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಕಟ್ಟಿ, ಉರಿಗೆ ತಾಗದ ಹಾಗೆ. ದಿನದ ಕುಕ್ಕರನ್ನು ಇದಕ್ಕೆ ಬಳಸದಿರುವುದೇ ಒಳ್ಳೆಯದು. ನೀರಿಲ್ಲದೆ ಅಷ್ಟು ಹೊತ್ತು ಕಾದರೆ ಅದು ಹಾಳಾಗುತ್ತದೆ.

ಹದಿನೈದು ನಿಮಿಷ ಬಿಟ್ಟು ಟಿನ್ನಿನಿಂದ ಬಿಡಿಸಿ, ಜಾಲರಿ ಮೇಲೆ ಆರಲು ಇಡಿ. ಸಾಧ್ಯವಾದರೆ ಅವತ್ತು ಕತ್ತರಿಸಬೇಡಿ. ಮರುದಿನಕ್ಕೆ ಮಸಾಲೆ ಹೊಂದಿಕೊಂಡು, ತೇವ ಎಲ್ಲ ಕಡೆ ಸಮನಾಗಿ ಹರಡಿ, ತುಂಬಾ ಚೆನ್ನಾಗಿರುತ್ತದೆ. ಈ ಚಳಿಯಲ್ಲಿ ಹೊರಗೆ ಎರಡು ಮೂರು ದಿನ ಇರುತ್ತದೆ.

ಎತ್ತಿಟ್ಟ ಬೀಜವನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗೆ ಒಣಗಿಸಿ. ಒಂದು ಚಮಚ ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಿರಿ. ಪಟಪಟ ಸಿಡಿಯಲು ಶುರುವಾದರೆ ಆಯ್ತು. ತಿರುಳು ಮಿಕ್ಕಿದ್ದರೆ ಒಂದೊಂದು ಕಪ್ ಅಳೆದು ಕಟ್ಟಿ ಫ್ರೀಜರಿನಲ್ಲಿಡಿ. ಸಂಕ್ರಾಂತಿಗೆ ಇನ್ನೊಂದು ಕೇಕ್ ಮಾಡುವಷ್ಟು ಕಾಲ ಕೆಡದೆ ಇರುತ್ತದೆ. ಬಳಸುವ ಮೊದಲು ಕರಗಿಸಿ, ಬಿಟ್ಟುಕೊಂಡ ನೀರನ್ನು ಮತ್ತೆ ಬಟ್ಟೆಯಲ್ಲಿ ಹಿಂಡಿ ತೆಗೆಯಿರಿ.